ವರ್ಜೀನಿಯಾ ವುಲ್ಫ್ ಕೇಳಿದ ಖೋಲಿ

ಸುಮಾರು ಒಂದು ಗಂಟೆಯ ನಾಟಕವನ್ನು ನೋಡಿ ಮುಗಿಸಲು ನನಗೆ ಐದು ದಿನ ಬೇಕಾಯಿತು. ಮೊದಲ ದಿನ ಐರೋಲಿಯ ಆಫೀಸಿನಿಂದ ಠಾಣೆಗೆ ಮರಳುವ ಟ್ರೇನಿನಲ್ಲಿ ಮೊಬೈಲಿನಲ್ಲಿ ಶುರು ಮಾಡಿದೆ. ಕಥೆ ಹಿಡಿತಕ್ಕೆ ಸಿಗುವಷ್ಟರಲ್ಲಿ ಠಾಣೆ ಬಂತು. ಅಲ್ಲಿಂದ ಡೊಂಬಿವಲಿಯ ಗಾಡಿಯಲ್ಲಿ ಮೊಬೈಲ್ ಹಿಡಿಯುವುದಿರಲಿ, ಕೈ ಎತ್ತಲೂ ಜಾಗವಿರಲಿಲ್ಲ. ಎರಡನೆಯ ದಿನ ಕುಕ್ಕರಿನ ಮೂರನೇ ಸೀಟಿಗೆ ನಿಂತಿತು. ಮೂರನೆಯ ದಿನ ಅಮೆರಿಕದ ಕ್ಲೈಂಟಿನ ಕಾಲ್. ನಾಲ್ಕನೆಯ ದಿನ ಮಗಳ ಪ್ರಾಜೆಕ್ಟಿಗೆ ಥರ್ಮಾಕೋಲ್ ಹುಡುಕುವ ಓಡಾಟ. ಐದನೆಯ ದಿನ ರಾತ್ರಿ ಹನ್ನೊಂದೂವರೆಗೆ, ಎಲ್ಲರೂ ಮಲಗಿದ ಮೇಲೆ, ಅಡುಗೆ ಕಟ್ಟೆಯ ಮೇಲೆ ಮೊಬೈಲನ್ನು ಡಬ್ಬಿಗೆ ಒರಗಿಸಿ, ಮೊದಲಿನಿಂದ ಕೊನೆಯವರೆಗೆ ನಿಂತುಕೊಂಡೇ ನೋಡಿದೆ. ಮುಗಿದಾಗ ನಗು ಬಂತು. ಆ ನಾಟಕ ಹೇಳುತ್ತಿದ್ದದ್ದು ಇದನ್ನೇ.

ನಾಟಕ ಇಂಗ್ಲಿಷಿನದು, ಹೆಸರು 'ಎ ರೂಮ್ ಆಫ್ ಒನ್ಸ್ ಓನ್'. ರಂಗದ ಮೇಲೆ ಒಬ್ಬರೇ: ಐಲೀನ್ ಆಟ್ಕಿನ್ಸ್. ವರ್ಜೀನಿಯಾ ವುಲ್ಫ್ 1928ರ ಅಕ್ಟೋಬರಿನಲ್ಲಿ ಕೇಂಬ್ರಿಜ್ಜಿನ ನ್ಯೂನ್‌ಹ್ಯಾಮ್ ಮತ್ತು ಗರ್ಟನ್ ಎಂಬ ಎರಡು ಹೆಣ್ಣುಮಕ್ಕಳ ಕಾಲೇಜುಗಳಲ್ಲಿ ಉಪನ್ಯಾಸ ಕೊಟ್ಟಿದ್ದಳು. ವಿಷಯ: ಹೆಂಗಸರು ಮತ್ತು ಕಥನ ಸಾಹಿತ್ಯ. ಅದನ್ನೇ ಬೆಳೆಸಿ ಮರುವರ್ಷ ಪುಸ್ತಕ ಮಾಡಿದಳು. ಆ ಪುಸ್ತಕವನ್ನು ಪ್ಯಾಟ್ರಿಕ್ ಗಾರ್ಲೆಂಡ್ ರಂಗಕ್ಕೆ ಅಳವಡಿಸಿದರು. 1989ರಲ್ಲಿ ಲಂಡನ್ನಿನಲ್ಲಿ ಆಟ್ಕಿನ್ಸ್ ಅದನ್ನು ಆಡಿದರು, 1991ರಲ್ಲಿ ನ್ಯೂಯಾರ್ಕಿನಲ್ಲೂ ಆಡಿದರು. ನಾನು ನೋಡಿದ್ದು ಅದರ ಟಿವಿ ರೂಪ.

ಮೊದಲಿಗೆ ನನಗೆ ಅನುಮಾನವಿತ್ತು. ಒಬ್ಬಳು ಲೇಖಕಿ ಉಪನ್ಯಾಸ ಕೊಡುವುದರಲ್ಲಿ ನೋಡುವುದೇನಿದೆ? ಏಕವ್ಯಕ್ತಿ ಪ್ರದರ್ಶನವೆಂದರೆ ನಮ್ಮ ಮನಸ್ಸಿಗೆ ಬರುವುದು ಹರಿಕಥೆಯ ದಾಸರು. ಒಬ್ಬರೇ ರಾಮನಾಗಿ, ರಾವಣನಾಗಿ, ನಡುವೆ ಹಾಡಿ, ಕುಣಿದು, ಊರ ಗೌಡರನ್ನು ಛೇಡಿಸಿ, ಮತ್ತೆ ಕಥೆಗೆ ಬರುತ್ತಾರೆ. ಇಲ್ಲಿ ಅದೇನೂ ಇಲ್ಲ. ಉಪನ್ಯಾಸಕ್ಕೆ ಬಂದವಳಿಗೆ ಬೇಕಾದಷ್ಟೇ ಸಾಮಾನು. ಆದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ, ಇದೂ ಹರಿಕಥೆಯೇ. ಕಾಲೇಜಿನ ಕಾವಲುಗಾರ, ಗ್ರಂಥಾಲಯದ ಬಾಗಿಲಲ್ಲಿ ನಿಂತ ಮುದುಕ, ಹೆಣ್ಣಿನ ಬುದ್ಧಿ ಕಡಿಮೆಯೆಂದು ದಪ್ಪ ಪುಸ್ತಕ ಬರೆಯುತ್ತಿರುವ ಸಿಡುಕ ಪ್ರೊಫೆಸರ್, ಎಲ್ಲರೂ ಅವಳ ಮಾತಿನೊಳಗೆ ಬಂದು ಹೋಗುತ್ತಾರೆ.

ಒಂದು ಪ್ರಸಂಗ ಹೇಳುತ್ತೇನೆ. ವುಲ್ಫ್ ನದಿ ದಡದಲ್ಲಿ ಕೂತು ಯೋಚಿಸುತ್ತಿದ್ದಾಳೆ. ಗಾಳಕ್ಕೆ ಸಣ್ಣ ಮೀನು ಸಿಕ್ಕ ಹಾಗೆ ಒಂದು ವಿಚಾರ ಸಿಕ್ಕುತ್ತದೆ. ಆ ಖುಷಿಯಲ್ಲಿ ಎದ್ದು ಹುಲ್ಲುಹಾಸಿನ ಮೇಲೆ ಸರಸರ ನಡೆಯುತ್ತಾಳೆ. ತಕ್ಷಣ ಕಾವಲುಗಾರ ಕೈಬೀಸುತ್ತ ಓಡಿ ಬರುತ್ತಾನೆ. ಹುಲ್ಲಿನ ಮೇಲೆ ನಡೆಯುವ ಹಕ್ಕು ಕಾಲೇಜಿನ ವಿದ್ವಾಂಸರಿಗೆ ಮಾತ್ರ, ಹೆಂಗಸರಿಗೆ ಕಲ್ಲುಹಾದಿ. ಅವಳು ಹಾದಿಗೆ ಇಳಿಯುತ್ತಾಳೆ. ದೊಡ್ಡ ಅನ್ಯಾಯವೇನೂ ಆಗಲಿಲ್ಲ. ಆದರೆ ಮೀನು ತಪ್ಪಿಸಿಕೊಂಡಿತು. ಏನು ಯೋಚಿಸುತ್ತಿದ್ದಳೋ ಅದು ನೆನಪಿಗೆ ಬರುವುದಿಲ್ಲ.

ಈ ಜಾಗದಲ್ಲಿ ನಾನು ವಿಡಿಯೋ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ನಮ್ಮ ಕೆಲಸದಲ್ಲಿ ಇದು ದಿನಾ ಆಗುವಂಥದ್ದು. ಒಂದು ಬಗ್‌ನ ಬಾಲ ಹಿಡಿದು ಹತ್ತು ಫೈಲುಗಳ ಒಳಗೆ ಹೋಗಿರುತ್ತೇವೆ. ಚಾಟ್‌ನಲ್ಲಿ ಯಾರೋ 'ಒಂದು ನಿಮಿಷ ಸಿಗ್ತೀರಾ' ಅನ್ನುತ್ತಾರೆ. ಮುಗಿಯಿತು, ಮತ್ತೆ ಮೊದಲಿನಿಂದ. ಆಫೀಸಿನಲ್ಲಿ ಇದಕ್ಕೆ ಹೆಸರಿದೆ, ಕ್ಯಾಲೆಂಡರಿನಲ್ಲಿ 'ಫೋಕಸ್ ಟೈಮ್' ಎಂದು ಬಣ್ಣ ಬಳಿದು ಕಾಯ್ದಿರಿಸುವ ವ್ಯವಸ್ಥೆಯೂ ಇದೆ. ಮನೆಯಲ್ಲಿ ಹೆಂಗಸಿಗೆ ಹಾಗೆ ಬಣ್ಣ ಬಳಿಯಲು ಕ್ಯಾಲೆಂಡರ್ ಎಲ್ಲಿದೆ? ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಇರುವುದು ಹಾಲಿನ ಲೆಕ್ಕ.

ಈ ನಾಟಕ ನೋಡಬೇಕಾಗಿ ಬಂದದ್ದಕ್ಕೆ ಕಾರಣ ನಮ್ಮ ಉಪನಗರದ ಕನ್ನಡ ಸಂಘ. ಮಹಿಳಾ ದಿನಕ್ಕೆ ರಂಗೋಲಿ ಸ್ಪರ್ಧೆ, ಅಡುಗೆ ಸ್ಪರ್ಧೆ ಬಿಟ್ಟು ಬೇರೆ ಏನಾದರೂ ಮಾಡೋಣವೆಂದು ಮೀಟಿಂಗಿನಲ್ಲಿ ಬಾಯಿ ಬಿಟ್ಟೆ. ಬಾಯಿ ಬಿಟ್ಟವರಿಗೇ ಕೆಲಸ. ಸೆಟ್ಟು ಬೇಡ, ಖರ್ಚು ಬೇಡ, ಒಬ್ಬರೇ ಮಾಡುವಂಥದ್ದು, ಇಪ್ಪತ್ತೈದು ನಿಮಿಷ ಮೀರಬಾರದು ಎಂದು ಕರಾರಾಯಿತು. ಆಡುವವರು ಸಿದ್ಧರಿದ್ದರು. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ನಾವೆಲ್ಲ ಟೀಚರ್ ಎಂದೇ ಕರೆಯುತ್ತೇವೆ. ಎಪ್ಪತ್ತರ ಹತ್ತಿರದ ವಯಸ್ಸು, ಗಂಟಲು ಮಾತ್ರ ಇನ್ನೂ ಕೊನೆಯ ಬೆಂಚಿಗೆ ಕೇಳುವಂಥದ್ದು. ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ.

ಮೊದಲ ಕಷ್ಟ ಹೆಸರಿನಲ್ಲೇ ಬಂತು. 'ರೂಮ್' ಅಂದರೆ ಏನು ಬರೆಯುವುದು? ಕೋಣೆ ಎನ್ನುವುದು ನಮ್ಮ ಗದಗಿನ ಕಡೆ ಪುಸ್ತಕದ ಮಾತು. ನಾವು ಆಡುವುದು ಖೋಲಿ. ಅವ್ವನಿಗೆ ಫೋನ್ ಮಾಡಿದೆ.

"ಹೆಣ್ಣಮಗಳಿಗೆ ತಂದೇ ಆದ ಒಂದು ಖೋಲಿ ಬೇಕು ಅಂತ ಒಬ್ಬಾಕಿ ಬರದಾಳವ್ವಾ. ಇದಕ್ಕ ಏನಂತಿ?"

"ಯಾವ ಖೋಲಿ? ಅಡಗಿ ಖೋಲಿನೋ, ದೇವರ ಖೋಲಿನೋ, ಕಾಳಿನ ಖೋಲಿನೋ?"

"ಅವು ಯಾವೂ ಅಲ್ಲ. ಬರೇ ಆಕೀದು."

ಅವ್ವ ಸ್ವಲ್ಪ ತಡೆದು ಕೇಳಿದಳು, "ಬಾಣಂತಿ ಖೋಲಿ ಏನು?"

ಇಡೀ ಮನೆಯಲ್ಲಿ ಹೆಣ್ಣಿನ ಹೆಸರಿನ ಖೋಲಿ ಅದೊಂದೇ, ಅದೂ ಕೆಲವು ವಾರಗಳ ಮಟ್ಟಿಗೆ. ಕತ್ತಲು, ಹೊಗೆ, ಬೆಳ್ಳುಳ್ಳಿ ವಾಸನೆ. ಅವ್ವ ಅದನ್ನು ತಮಾಷೆಗೆ ಹೇಳಿರಲಿಲ್ಲ.

ಇನ್ನು ಮುಂಬಯಿಯಲ್ಲಿ ಖೋಲಿಗೆ ಬೇರೆಯೇ ಅರ್ಥ. ಟೀಚರ್ ಬೆಳೆದದ್ದು ಗಿರಣಿ ಪ್ರದೇಶದ ಚಾಳಿನಲ್ಲಿ. ಇಲ್ಲಿ ಖೋಲಿಯೆಂದರೆ ಇಡೀ ಮನೆಯೇ: ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಮೂಲೆಯಲ್ಲಿ ಮೋರಿ, ಮೇಲೆ ಅಟ್ಟ, ಒಳಗೆ ಒಂಬತ್ತು ಜನ. ಗಂಡಸರು ಪಾಳಿಯ ಮೇಲೆ ಕೆಲಸಕ್ಕೆ ಹೋಗುತ್ತಿದ್ದರಿಂದ ಪಾಳಿಯ ಮೇಲೇ ಮಲಗುತ್ತಿದ್ದರು. ಟೀಚರ್ ಮೆಟ್ರಿಕ್‌ಗೆ ಓದಿದ್ದು ಗ್ಯಾಲರಿಯ ಬಲ್ಬಿನ ಕೆಳಗೆ, ಅಕ್ಕಪಕ್ಕದ ಮನೆಯವರ ಚಪ್ಪಲಿಗಳ ನಡುವೆ ಕೂತು. ನನ್ನ ಕರಡಿನಲ್ಲಿ 'ನನ್ನದೇ ಒಂದು ಖೋಲಿ' ಎಂದು ಓದಿದಾಗ ಅವರು ಕನ್ನಡಕ ತೆಗೆದರು. "ಈ ಹೆಸರು ಕೇಳಿದ್ರ ನಮ್ಮ ಮಂದಿ ಹೌಸಿಂಗ್ ಲೋನ್ ಬಗ್ಗೆ ನಾಟಕ ಅಂತ ತಿಳ್ಕೋತಾರ. ಇರಲಿ ಬಿಡು. ಮಂದಿ ಬರ್ತಾರ."

ಅನುವಾದಕ್ಕೆಂದು ಪುಸ್ತಕವನ್ನೇ ಹಿಡಿದು ಕೂತಾಗ ಸಿಕ್ಕಿತು ನಮ್ಮೂರಿನ ಹೆಸರು. ವುಲ್ಫಳ ವಾದ ಸರಳ. ಹೆಂಗಸು ಕಥೆ ಕಾದಂಬರಿ ಬರೆಯಬೇಕಾದರೆ ಅವಳಿಗೆ ವರ್ಷಕ್ಕೆ ಐನೂರು ಪೌಂಡು ಮತ್ತು ಚಿಲಕ ಇರುವ ಒಂದು ಕೋಣೆ ಬೇಕು. ಐನೂರು ಪೌಂಡು ಎಲ್ಲಿಂದ ಬಂತು? ಅವಳ ಕಥೆಯೊಳಗಿನ ಅತ್ತೆಯೊಬ್ಬಳು, ಹೆಸರು ಮೇರಿ ಬೀಟನ್, ಹವಾ ಸೇವನೆಗೆ ಕುದುರೆ ಹತ್ತಿ ಹೊರಟಾಗ ಬಿದ್ದು ಸತ್ತಳು, ಸೊಸೆಗೆ ವರ್ಷಾಸನ ಬಿಟ್ಟು ಹೋದಳು. ಆ ಅತ್ತೆ ಬಿದ್ದದ್ದು ಬೊಂಬಾಯಿಯಲ್ಲಿ!

ಇದು ಕಲ್ಪನೆಯ ಅತ್ತೆ. ನಿಜಜೀವನದಲ್ಲಿ ವುಲ್ಫಳಿಗೆ ಹಣ ಬಿಟ್ಟ ಸೋದರತ್ತೆ ಕ್ಯಾರೊಲಿನ್ ಎಮಿಲಿಯಾ ಸ್ಟೀಫನ್, 1909ರಲ್ಲಿ ತೀರಿಕೊಂಡವಳು, ಬಿಟ್ಟದ್ದು ಒಟ್ಟು ಎರಡೂವರೆ ಸಾವಿರ ಪೌಂಡು. ಕುದುರೆಗೂ ಅವಳಿಗೂ ಸಂಬಂಧವಿಲ್ಲ. ಹಾಗಿದ್ದರೆ ವುಲ್ಫ್ ಬೊಂಬಾಯಿಯನ್ನೇ ಯಾಕೆ ಆರಿಸಿಕೊಂಡಳು? ಅವಳ ತಾಯಿ ಹುಟ್ಟಿದ್ದು ಕಲ್ಕತ್ತೆಯಲ್ಲಿ. ಗಂಡ ಲೆನಾರ್ಡ್ ಸಿಲೋನಿನಲ್ಲಿ ಸರಕಾರಿ ನೌಕರಿ ಮಾಡಿದವನು. ಆ ವರ್ಗದ ಇಂಗ್ಲಿಷರ ಮನೆಗಳಿಗೆ ಹಣ ಎಲ್ಲಿಂದ ಹರಿದು ಬರುತ್ತಿತ್ತೆಂದು ಅವಳಿಗೆ ಗೊತ್ತಿತ್ತು ಅನಿಸುತ್ತದೆ. ಒಂದೇ ಪದದಲ್ಲಿ ಅದನ್ನು ಹೇಳಿ, ಮುಂದೆ ಹೋಗಿಬಿಟ್ಟಳು. ಕೇಂಬ್ರಿಜ್ಜಿನ ಹುಡುಗಿಯರು ಬಹುಶಃ ಗಮನಿಸಿರಲಾರರು. ಡೊಂಬಿವಲಿಯಲ್ಲಿ ಕೂತ ನನಗೆ ಗಮನಿಸದೆ ಗತಿಯಿರಲಿಲ್ಲ.

ಹಣದ ಬಗ್ಗೆ ವುಲ್ಫ್ ಆಡುವ ಮಾತು ನನಗೆ ಪ್ರದರ್ಶನದಲ್ಲಿ ಎಲ್ಲಕ್ಕಿಂತ ಹಿಡಿಸಿದ ಭಾಗ. ವರ್ಷಾಸನದ ಪತ್ರ ಬಂದದ್ದೂ ಇಂಗ್ಲೆಂಡಿನಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಬಂದದ್ದೂ ಸುಮಾರು ಒಂದೇ ಹೊತ್ತಿಗೆ, ಎರಡರಲ್ಲಿ ಹಣವೇ ದೊಡ್ಡದೆನಿಸಿತು ಎಂದು ಅವಳು ಒಪ್ಪಿಕೊಳ್ಳುತ್ತಾಳೆ. ಅದಕ್ಕೆ ಮೊದಲು ಅವಳ ಕಥೆಯ ಹೆಂಗಸು ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಲಕೋಟೆಗೆ ವಿಳಾಸ ಬರೆಯುವುದು, ಮುದುಕಿಯರಿಗೆ ಪುಸ್ತಕ ಓದಿ ಹೇಳುವುದು, ಬಟ್ಟೆಯ ಹೂ ಮಾಡುವುದು, ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವುದು. ಕೆಲಸಕ್ಕಿಂತ ಹೆಚ್ಚಾಗಿ ಅವಳನ್ನು ತಿಂದದ್ದು ಭಯ ಮತ್ತು ಕಹಿ. ಹಣ ಬಂದ ಮೇಲೆ ಯಾವ ಗಂಡಸನ್ನೂ ಓಲೈಸಬೇಕಾಗಿಲ್ಲ, ಹಾಗೆಯೇ ಯಾರನ್ನೂ ದ್ವೇಷಿಸಬೇಕಾಗಿಯೂ ಇಲ್ಲ. ನಮ್ಮ ಸಾಹಿತ್ಯದ ಮಾತುಕತೆಯಲ್ಲಿ ಸಂಬಳದ ಸುದ್ದಿ ಎತ್ತಿದರೆ ಕೀಳು ಅನ್ನುವ ಹಾಗೆ ನೋಡುತ್ತಾರೆ. ಈ ಮಹಾರಾಯ್ತಿ ಅಲ್ಲಿಂದಲೇ ಶುರು ಮಾಡುತ್ತಾಳೆ. ಊಟದ ಎಲೆಯನ್ನೂ ಬಿಡುವುದಿಲ್ಲ. ಗಂಡಸರ ಕಾಲೇಜಿನಲ್ಲಿ ಮೀನು, ಹಕ್ಕಿಯ ಮಾಂಸ, ವೈನ್. ಹೆಂಗಸರ ಕಾಲೇಜಿನಲ್ಲಿ ನೀರುನೀರಾದ ಸೂಪು, ದನದ ಮಾಂಸದ ಜತೆ ಸೊಪ್ಪು, ಆಲೂಗಡ್ಡೆ, ಕೊನೆಗೆ ಒಣಹಣ್ಣು, ಕಸ್ಟರ್ಡು. ಒಂದು ಕಡೆ ಶತಮಾನಗಳಿಂದ ರಾಜರು, ಶ್ರೀಮಂತರು ಸುರಿದ ದುಡ್ಡು, ಇನ್ನೊಂದು ಕಡೆ ಹೆಂಗಸರು ಪೈಸೆ ಪೈಸೆ ಎತ್ತಿ ಕಟ್ಟಿದ ಕಟ್ಟಡ. ಅಂದು ಎದುರಿಗೆ ಕೂತು ಕೇಳಿದ ಹುಡುಗಿಯರಿಗೆ ಕೇಂಬ್ರಿಜ್ ಪೂರ್ಣ ಪ್ರಮಾಣದ ಪದವಿ ಕೊಡುತ್ತಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ಅದು ಸಿಕ್ಕದ್ದು 1948ರಲ್ಲಿ, ವುಲ್ಫ್ ತೀರಿಕೊಂಡು ಏಳು ವರ್ಷದ ಮೇಲೆ.

ಆಟ್ಕಿನ್ಸ್ ಇದನ್ನೆಲ್ಲ ಆಡುವ ರೀತಿಯಲ್ಲಿ ಕೋಪ ಮೇಲೆ ಕಾಣುವುದಿಲ್ಲ. ತುಟಿಯಂಚಿನಲ್ಲಿ ನಗು, ಕಣ್ಣಲ್ಲಿ ಸೂಜಿ. ವುಲ್ಫಳ ನಿಜವಾದ ಧ್ವನಿ ಉಳಿದಿರುವುದು ಬಿಬಿಸಿಯ 1937ರ ಒಂದೇ ಒಂದು ಧ್ವನಿಮುದ್ರಣದಲ್ಲಿ, ಕೆಲವೇ ನಿಮಿಷ. ಆಮೇಲೆ ಅದನ್ನೂ ಕೇಳಿದೆ. ರಾಜಮನೆತನದವರು ಆಡಿದ ಹಾಗೆ ಎಳೆದೆಳೆದು ಆಡುವ, ಸ್ವಲ್ಪ ದೂರ ನಿಲ್ಲಿಸುವ ಧ್ವನಿ. ಆಟ್ಕಿನ್ಸ್ ಆ ದೂರವನ್ನು ಕಡಿಮೆ ಮಾಡುತ್ತಾರೆ. ಅವರು ಬಂದದ್ದು ಬೇರೆ ಲೋಕದಿಂದ: ಲಂಡನ್ನಿನ ಟಾಟನ್‌ಹ್ಯಾಮ್‌ನಲ್ಲಿ ಬಡವರಿಗೆಂದು ನಗರಸಭೆ ಕಟ್ಟಿಸಿದ ಮನೆಯಲ್ಲಿ ಬೆಳೆದವರು, ತಂದೆ ಗ್ಯಾಸ್ ಮೀಟರ್ ಓದುವ ನೌಕರ, ಪುಟ್ಟ ಹುಡುಗಿಯಾಗಿದ್ದಾಗಲೇ ಕಾರ್ಮಿಕರ ಕ್ಲಬ್ಬುಗಳಲ್ಲಿ ಕುಣಿದು ಸಂಪಾದಿಸಿದವರು. ಕೇರಿಯ ಉಚ್ಚಾರವನ್ನು ಕಷ್ಟಪಟ್ಟು ತಿದ್ದಿಕೊಂಡು ರಂಗಕ್ಕೆ ಬಂದವರು. ವುಲ್ಫಳ ಮಾತು ಅಂಥವರ ಬಾಯಿಂದ ಬರುವಾಗ ಸಿರಿವಂತ ಹೆಂಗಸಿನ ದೂರಿನ ಹಾಗೆ ಕೇಳುವುದಿಲ್ಲ. ಇದು ನನ್ನ ಅಂದಾಜು, ಒಪ್ಪದವರು ಒಪ್ಪದಿರಲಿ.

ಟೀಚರ್ ಮಾತ್ರ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಮೂರನೆಯ ಓದಿನ ದಿನ ಕೇಳಿದರು, "ಈಕಿ ಚಿಲಕ ಹಾಕ್ಕೊಂಡು ಬರೀತಾಳ, ಸರಿ. ಹೊರಗ ಅಡಗಿ ಯಾರು ಮಾಡ್ತಿದ್ರು?"

ಪ್ರಶ್ನೆಗೆ ಉತ್ತರವಿದೆ. ನೆಲ್ಲಿ ಬಾಕ್ಸಾಲ್ ಎಂಬ ಅಡುಗೆಯಾಕೆ 1916ರಿಂದ 1934ರವರೆಗೆ ವುಲ್ಫ್ ಮನೆಯಲ್ಲಿದ್ದಳು. ವುಲ್ಫಳ ದಿನಚರಿಯ ತುಂಬ ಅವಳ ಜತೆಗಿನ ಜಗಳಗಳಿವೆ. ಒಮ್ಮೆ ನೆಲ್ಲಿ ತನ್ನ ಕೋಣೆಯಿಂದ ಒಡತಿಯನ್ನೇ ಹೊರಗೆ ಹೋಗೆಂದು ಹೇಳಿದ್ದಳು, ಅದು ವುಲ್ಫಳನ್ನು ಬಹಳ ದಿನ ಕಾಡಿತು. ಈ ಮನೆಗೆಲಸದವರ ಬಗ್ಗೆಯೇ ಆಲಿಸನ್ ಲೈಟ್ ಒಂದು ಪುಸ್ತಕ ಬರೆದಿದ್ದಾರೆ. ಅಮೆರಿಕದ ಕಪ್ಪು ಲೇಖಕಿ ಆಲಿಸ್ ವಾಕರ್ ಇನ್ನೂ ಮುಂದೆ ಹೋಗಿ ಕೇಳಿದರು: ಗುಲಾಮಳಾಗಿದ್ದ ಕವಿ ಫಿಲಿಸ್ ವೀಟ್ಲಿಗೆ ತನ್ನ ಮೈಯೇ ತನ್ನದಾಗಿರಲಿಲ್ಲ, ಅವಳಿಗೆ ಕೋಣೆಯ ಮಾತು ಏನು ಹೇಳೀತು?

ಇದನ್ನೆಲ್ಲ ಓದಿ ಉತ್ಸಾಹ ಬಂದು ನಾನು ನೆಲ್ಲಿಯನ್ನು ನಾಟಕದೊಳಗೆ ಸೇರಿಸಿದೆ. ಊಟದ ವರ್ಣನೆಯಾದ ಮೇಲೆ ವುಲ್ಫ್ ತನ್ನ ಅಡುಗೆಯಾಕೆಯನ್ನು ನೆನೆಸಿಕೊಂಡು ತಪ್ಪೊಪ್ಪಿಕೊಳ್ಳುವ ಅರ್ಧ ಪುಟ. ಚೆನ್ನಾಗಿಯೇ ಬಂದಿತ್ತು ಎಂದು ನನ್ನ ಭಾವನೆ. ಟೀಚರ್ ಓದಿ, ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದರು.

"ಯಾಕ್ರೀ ಟೀಚರ್, ನೀವೇ ಕೇಳಿದ್ರಲ್ಲ?"

"ನಾ ಕೇಳಿದ್ದು ಹೌದು. ಆಕಿ ಹೇಳಿಲ್ಲ. ಆಕಿ ಹೇಳದ ಮಾತು ಆಕಿ ಬಾಯಾಗ ಇಟ್ರ ಆಕಿ ಒಳ್ಳೇಕಿ ಆಗ್ತಾಳ, ನಾವೂ ಒಳ್ಳೇವರಾಗ್ತೀವಿ. ನೆಲ್ಲಿಗೆ ಏನು ಸಿಕ್ತು? ಬೇಕಂದ್ರ ನೆಲ್ಲೀದು ಬ್ಯಾರೆ ನಾಟಕ ಬರಿ. ಆಕಿನೂ ಒಬ್ಬಾಕಿನ ನಿಂತು ಮಾತಾಡ್ಲಿ."

ನನಗೆ ಸ್ವಲ್ಪ ಮುಜುಗರವಾಯಿತು. ಆ ಅರ್ಧ ಪುಟ ಬರೆದ ಬೆಳಿಗ್ಗೆ ನಮ್ಮ ಮನೆಯ ಪಾತ್ರೆ ತೊಳೆಯುತ್ತಿದ್ದದ್ದು ಬಾಯಿ.

ಅಂತೂ ಇಪ್ಪತ್ತೈದು ನಿಮಿಷಕ್ಕೆ ಮೂರು ತುಂಡು ಉಳಿದವು: ಹುಲ್ಲುಹಾಸು, ಬೊಂಬಾಯಿಯ ಅತ್ತೆ, ಮತ್ತು ಶೇಕ್ಸ್‌ಪಿಯರನ ತಂಗಿ. ನಡುವೆ ನಮ್ಮವರ ಹೆಸರೂ ಒಂದು ಬರಲಿ ಎಂದು ಸಂಘದ ಕಡೆಯಿಂದ ಒತ್ತಾಯವಿತ್ತು. ನಾಟಕದಲ್ಲಿ ಅಲ್ಲ, ಪರಿಚಯದ ಮಾತಿನಲ್ಲಿ ನಂಜನಗೂಡು ತಿರುಮಲಾಂಬಾ ಅವರನ್ನು ನೆನೆದೆ. ಬಾಲವಿಧವೆಯಾಗಿದ್ದ ಅವರು 1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆ ಶುರು ಮಾಡಿ ತಮ್ಮ ಪುಸ್ತಕಗಳನ್ನು ತಾವೇ ಹೊರತಂದರು. ವುಲ್ಫ್ ದಂಪತಿ ಹೊಗಾರ್ತ್ ಪ್ರೆಸ್ ತೆರೆದದ್ದು 1917ರಲ್ಲಿ, ಈ ಪುಸ್ತಕವೂ ಅಲ್ಲಿಂದಲೇ ಬಂತು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿರಲು ಸಾಧ್ಯವಿಲ್ಲ. ಸಂಪಾದಕನ ಬಾಗಿಲಲ್ಲಿ ಕಾಯಬೇಕಾಗಿಲ್ಲ ಎಂಬ ನೆಮ್ಮದಿ ಏನೆಂದು ಇಬ್ಬರಿಗೂ ಗೊತ್ತಿದ್ದಿರಬೇಕು.

ಶೇಕ್ಸ್‌ಪಿಯರನ ತಂಗಿಯ ಕಥೆ ಕೇಳದವರಿಗೆ ಚುಟುಕಾಗಿ ಹೇಳುತ್ತೇನೆ. ಶೇಕ್ಸ್‌ಪಿಯರನಷ್ಟೇ ಪ್ರತಿಭೆಯ ತಂಗಿಯೊಬ್ಬಳಿದ್ದಿದ್ದರೆ ಏನಾಗುತ್ತಿತ್ತು ಎಂದು ವುಲ್ಫ್ ಊಹಿಸುತ್ತಾಳೆ, ಅವಳಿಗೆ ಜೂಡಿತ್ ಎಂದು ಹೆಸರಿಡುತ್ತಾಳೆ. ನಿಜದಲ್ಲಿ ಅವನ ತಂಗಿ ಜೋನ್, ಜೂಡಿತ್ ಅವನ ಮಗಳ ಹೆಸರು. ಅಣ್ಣ ಶಾಲೆಗೆ ಹೋದ, ಇವಳು ಹೋಗಲಿಲ್ಲ. ಪುಸ್ತಕ ಹಿಡಿದರೆ ಕಾಲುಚೀಲ ಹೊಲಿ, ಒಲೆ ನೋಡು ಎಂದು ಅಪ್ಪ ಅಮ್ಮ ಎಬ್ಬಿಸುತ್ತಿದ್ದರು. ಅಟ್ಟದಲ್ಲಿ ಕದ್ದು ಬರೆದು ಬಚ್ಚಿಟ್ಟಳು, ಇಲ್ಲವೇ ಸುಟ್ಟಳು. ಮದುವೆ ಬೇಡವೆಂದಳು. ಅಪ್ಪ ಹೊಡೆದ, ಆಮೇಲೆ ಕಣ್ಣೀರು ಹಾಕಿ ಬೇಡಿಕೊಂಡ. ಹದಿನೇಳು ತುಂಬುವ ಮೊದಲೇ ಬಟ್ಟೆ ಗಂಟು ಕಟ್ಟಿ, ಹಗ್ಗ ಇಳಿದು, ಲಂಡನ್ನಿಗೆ ಹೋಗಿ ನಾಟಕಶಾಲೆಯ ಬಾಗಿಲಲ್ಲಿ ನಿಂತಳು. ಅವರು ನಕ್ಕರು. ಕರುಣೆ ತೋರಿದ ಒಬ್ಬ ಮ್ಯಾನೇಜರನಿಂದ ಬಸಿರಾದಳು. ಒಂದು ಚಳಿಗಾಲದ ರಾತ್ರಿ ಪ್ರಾಣ ಬಿಟ್ಟಳು. ಈಗ ಬಸ್ಸುಗಳು ನಿಲ್ಲುವ ನಾಲ್ಕುರಸ್ತೆಯಲ್ಲಿ ಹೂತಿದ್ದಾರೆ.

ಮಹಿಳಾ ದಿನದ ಭಾನುವಾರ. ಸಭಾಗೃಹದಲ್ಲಿ ನೂರಿಪ್ಪತ್ತು ಜನರಿದ್ದಿರಬಹುದು. ಟೀಚರ್ ತಮ್ಮದೇ ಬೂದು ಬಣ್ಣದ ಇಳಕಲ್ ಸೀರೆಯಲ್ಲಿ, ಕೈಯಲ್ಲಿ ಹಾಳೆ ಹಿಡಿದು ಬಂದರು. ವುಲ್ಫಳ ವೇಷ ಬೇಡವೆಂದು ಅವರೇ ಹೇಳಿದ್ದರು. ಹುಲ್ಲುಹಾಸಿಗೆ ಜನ ನಕ್ಕರು. ಬೊಂಬಾಯಿ ಎಂದ ಕೂಡಲೇ ಸಾಲುಸಾಲು ತಲೆಗಳು ಎದ್ದವು. ಹಿಂದಿನಿಂದ ಪೂರಿ ಕರಿಯುವ ವಾಸನೆ ಬರತೊಡಗಿತ್ತು. ಜೂಡಿತ್ ಹಗ್ಗ ಇಳಿಯುತ್ತಿರುವಾಗ, ಪದಾಧಿಕಾರಿಯೊಬ್ಬರು ಬಗ್ಗಿಕೊಂಡು ವೇದಿಕೆಯ ಪಕ್ಕಕ್ಕೆ ಹೋಗಿ ಒಂದು ಚೀಟಿ ಕೊಟ್ಟರು. ಕೇಟರಿಂಗಿನವರು ಅವಸರ ಮಾಡುತ್ತಿದ್ದಾರೆ, ಬೇಗ ಮುಗಿಸಿ.

ನನ್ನ ಹೊಟ್ಟೆ ತಳಮಳಿಸಿತು. ಮೀನು ಹೋಯಿತು ಅಂದುಕೊಂಡೆ. ಟೀಚರ್ ಚೀಟಿ ಓದಿದರು. ನಾಲ್ಕಾಗಿ ಮಡಚಿದರು. ಬ್ಲೌಸಿನ ಒಳಗೆ ಸಿಕ್ಕಿಸಿಕೊಂಡು, ಸಭೆಯ ಕಡೆ ನೋಡುತ್ತ ಸುಮ್ಮನೆ ನಿಂತರು. ಹತ್ತು ಸೆಕೆಂಡು ಇರಬಹುದು. ಶಾಲೆಯಲ್ಲಿ ಗಲಾಟೆ ನಿಲ್ಲುವವರೆಗೆ ಟೀಚರುಗಳು ನಿಲ್ಲುವ ಹಾಗೆ. ಪೂರಿಯ ಬಾಂಡಲಿಯ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಆಮೇಲೆ ಜೂಡಿತ್‌ಳನ್ನು ಹಗ್ಗದ ಮೇಲಿನಿಂದಲೇ ಮತ್ತೆ ಇಳಿಸಿದರು, ಒಂದು ಮಾತನ್ನೂ ಅವಸರ ಮಾಡಲಿಲ್ಲ. ಇಪ್ಪತ್ತೈದು ನಿಮಿಷದ್ದು ಮೂವತ್ತೊಂದಾಯಿತು. ಅಡುಗೆ ಕಟ್ಟೆಯ ಹತ್ತಿರ ನಿಂತು ಆಟ್ಕಿನ್ಸ್ ಅವರನ್ನು ನೋಡಿದಾಗ ಅರ್ಧ ಅರ್ಥವಾಗಿದ್ದದ್ದು ಆಗ ಪೂರ್ತಿ ಆಯಿತು. ಒಬ್ಬ ಹೆಂಗಸು ನಿಂತು ಯೋಚಿಸುತ್ತಾಳೆ, ಯಾರೂ ನಡುವೆ ಎಬ್ಬಿಸುವುದಿಲ್ಲ. ಅಷ್ಟು ಹೊತ್ತು ಅವಳಿರುವುದು ಆ ಖೋಲಿಯಲ್ಲೇ.

ಊಟದ ಸಾಲಿನಲ್ಲಿ ಒಬ್ಬರು "ಚೆನ್ನಾಗಿತ್ತು, ಸ್ವಲ್ಪ ಉದ್ದ ಆಯಿತು" ಎಂದರು. ಇನ್ನೊಬ್ಬ ಹಿರಿಯ ಹೆಂಗಸು ಟೀಚರ ಕೈ ಹಿಡಿದುಕೊಂಡು ಏನೂ ಹೇಳದೆ ನಿಂತಿದ್ದರು. ಚೀಟಿಯನ್ನು ಟೀಚರ್ ನನಗೆ ಕೊಟ್ಟರು. "ಇಟ್ಕೋ, ನೆಲ್ಲಿ ನಾಟಕಕ್ಕ ಬೇಕಾಗ್ತದ."

ನೆಲ್ಲಿಯ ನಾಟಕದ ಎರಡು ಪುಟ ಆಗಿವೆ. ಬೆಳಿಗ್ಗೆ ಐದೂವರೆಯಿಂದ ಆರೂವರೆ ನನ್ನ ಹೊತ್ತು, ಊಟದ ಮೇಜೇ ನನ್ನ ಖೋಲಿ. ಮನೆಯವರಿಗೆ ಹೇಳಿದ್ದೇನೆ, ಅವರೂ ಒಪ್ಪಿ ಚಹಾ ತಾವೇ ಮಾಡಿಕೊಳ್ಳುತ್ತಾರೆ. ಮೂರನೆಯ ಪುಟದಲ್ಲಿ ನೆಲ್ಲಿ ಒಡತಿಯನ್ನು ಕೋಣೆಯಿಂದ ಹೊರಗೆ ಕಳಿಸಬೇಕು. ಯಾವ ಮಾತಿನಲ್ಲಿ ಕಳಿಸುತ್ತಾಳೆಂದು ಯೋಚಿಸುತ್ತಿದ್ದೇನೆ. ಆರೂವರೆ ಆಯಿತು. ಬೆಲ್ ಆಗುತ್ತಿದೆ, ಬಾಯಿ ಬಂದಿದ್ದಾಳೆ.